ನೋಡುವ ನೀರು, ಇಳಿಯುವ ನೀರು

ಬೃಂದಾವನ ಉದ್ಯಾನದ ಕಾರಂಜಿಗೂ ವಿಶ್ವೇಶ್ವರಯ್ಯನವರ ಹೆಸರನ್ನೇ ಹೇಳಿಬಿಡುವವರು ಮಂಡ್ಯದ ಕಡೆ ಬಹಳ. ಅಲ್ಲಿ ಒಳ್ಳೆಯದೆಲ್ಲ ಅವರ ಖಾತೆಗೇ ಜಮೆ. ಆದರೆ ಅವರು ಮೈಸೂರಿನ ದಿವಾನಗಿರಿ ಬಿಟ್ಟದ್ದು 1918ರಲ್ಲಿ. ಕಾವೇರಿಯ ಕನ್ನಂಬಾಡಿ ಕಟ್ಟೆಯ (ಕೆ.ಆರ್.ಎಸ್.) ಕೆಳಗೆ ಈ ಉದ್ಯಾನದ ಕೆಲಸ ಶುರುವಾದದ್ದು 1927ರಲ್ಲಿ, ದಿವಾನ್ ಮಿರ್ಜಾ ಇಸ್ಮಾಯಿಲ್ ಕಾಲದಲ್ಲಿ. ಕಾಶ್ಮೀರದ ಶಾಲಿಮಾರ್ ತೋಟ ಅವರ ಕಣ್ಣಲ್ಲಿತ್ತು. ಹಂತ ಹಂತವಾಗಿ ಇಳಿಯುವ ಹಾಸು, ನಡುವೆ ಹರಿಯುವ ನೀರು, ಸಾಲು ಕಾರಂಜಿ, ಎಲ್ಲ 1932ರ ಹೊತ್ತಿಗೆ ಸಿದ್ಧವಾಯಿತು.

ಕಟ್ಟೆ ಹುಟ್ಟಿದ ಕಾರಣ ಮಾತ್ರ ಅಂದಚೆಂದವಲ್ಲ. ಈಗಿನ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ತಯಾರಾಗಿ, ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ಹರಿಯಿತು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಯಂತ್ರಗಳೂ ಸೊರಗುತ್ತಿದ್ದವು. 1911ರಲ್ಲಿ ಕಟ್ಟೆಗೆ ಕೈಹಾಕಿದಾಗ ಆ ಯಂತ್ರಗಳಿಗೆ ವರ್ಷವಿಡೀ ನೀರು ಒದಗಿಸುವುದು ಒಂದು ದೊಡ್ಡ ಉದ್ದೇಶ, ಹೊಲಕ್ಕೆ ನೀರುಣಿಸುವುದು ಇನ್ನೊಂದು.

ಆ ಇನ್ನೊಂದೇ ಮಂಡ್ಯವನ್ನು ಮಂಡ್ಯ ಮಾಡಿತು. ವೈಸರಾಯ್ ಇರ್ವಿನ್ ಹೆಸರು ಹೊತ್ತು ಎಡದಂಡೆಯಿಂದ ಹೊರಟ ನಾಲೆಗೆ ಹುಲಿಕೆರೆಯ ಬಳಿ ದಿಣ್ಣೆ ಅಡ್ಡ ಬಂತು. ಸುಮಾರು 2.8 ಕಿ.ಮೀ. ಸುರಂಗ ಕೊರೆದು ದಾಟಿಸಿದರು. ಆಚೆಗೆ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ರಾಗಿ ಹೊಲಗಳು. 1931ರಲ್ಲಿ ಇರ್ವಿನ್ ಕೆನಾಲ್ ಫಾರಂ ಬಂತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ. ಕೆನಡಾದಿಂದ ಬಂದು ಮೈಸೂರಿನ ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಲೆಸ್ಲಿ ಕೋಲ್ಮನ್ ಅದರ ಬೆನ್ನಿಗೆ ನಿಂತರು. ಮರುವರ್ಷ ಕಬ್ಬು ಅರೆಯತೊಡಗಿತು. 1939ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಮಂಡ್ಯ ತಾನೇ ಜಿಲ್ಲೆಯಾಯಿತು. ನಾಲೆಗಿದ್ದ ಇರ್ವಿನ್ ಹೆಸರು ಅಳಿದು ಅದೀಗ ವಿಶ್ವೇಶ್ವರಯ್ಯ ನಾಲೆ. ಊರವರ ಬಾಯಲ್ಲಿ ವಿ.ಸಿ. ನಾಲೆ.

ಕಾರಂಜಿ ಎಂದರೆ ದೂರದಿಂದ ನೋಡುವುದಷ್ಟೇ ಆಗಬೇಕಿಲ್ಲ. ಲಂಡನ್ನಿನಲ್ಲಿ ರೀಜೆಂಟ್ಸ್ ಕಾಲುವೆಯ ಪಕ್ಕ, ಹಿಂದೆ ದವಸದ ಉಗ್ರಾಣವಾಗಿದ್ದ ಕಟ್ಟಡದ ಮುಂದೆ, 2012ರಲ್ಲಿ ಗ್ರ್ಯಾನರಿ ಸ್ಕ್ವೇರ್ ಎಂಬ ಚೌಕ ತೆರೆಯಿತು. ನೆಲದಿಂದಲೇ ಚಿಮ್ಮುವ 1,080 ಕಾರಂಜಿಗಳ ನಡುವೆ ಮಕ್ಕಳು ತೊಪ್ಪೆಯಾಗುವವರೆಗೂ ಓಡುತ್ತಾರೆ. ಬೃಂದಾವನದ ಸಂಗೀತ ಕಾರಂಜಿ ಹಾಗಲ್ಲ. ಟಿಕೆಟ್ ತೆಗೆದುಕೊಂಡು, ಸೇತುವೆ ದಾಟಿ, ಮೆಟ್ಟಿಲ ಮೇಲೆ ಕುಳಿತು ನೋಡಬೇಕು, ಮುಟ್ಟುವಂತಿಲ್ಲ.

ಮುಟ್ಟುವ ನೀರು ನಾಲೆಯದು. ಅದರ ಸೋಪಾನದಲ್ಲಿ ಬಟ್ಟೆ ಸೆಣೆಯುತ್ತಾರೆ, ರಾಸುಗಳ ಮೈ ತೊಳೆಯುತ್ತಾರೆ, ಟ್ರ್ಯಾಕ್ಟರಿನ ಕೆಸರು ಬಿಡಿಸುತ್ತಾರೆ, ಗಣಪತಿ ಬಿಡುತ್ತಾರೆ. ಸೇತುವೆಯಿಂದ ಹುಡುಗರು ಧುಮುಕುತ್ತಾರೆ. ಯಾವ ನಕ್ಷೆಯಲ್ಲೂ ಇಲ್ಲದ ಊರಚೌಕವಿದು. ಚೌಕಕ್ಕೆ ಬೇಕಾದ ಕಟ್ಟುನಿಟ್ಟೂ ಇಲ್ಲ ಎನ್ನುವುದೇ ತೊಂದರೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ಈ ನಾಲೆಗೆ ಉರುಳಿ, ಶಾಲೆಯ ಮಕ್ಕಳೂ ಸೇರಿ 30 ಮಂದಿ ತೀರಿಕೊಂಡರು. ತಡೆಗೋಡೆಯ ಮಾತು ಆಗ ಜೋರಾಯಿತು. ಅದಾದ ಮೇಲೂ ಕಾರುಗಳು ಬಿದ್ದಿವೆ.

ನೋಡುವ ನೀರಿಗೂ ಇಳಿಯುವ ನೀರಿಗೂ ಮೂಲ ಒಂದೇ ಕಟ್ಟೆ ಎಂಬುದು ಕಾವೇರಿ ನೀರಿನ ಜಗಳದ ವರ್ಷಗಳಲ್ಲಿ ಎದ್ದು ಕಾಣುತ್ತದೆ. 2016ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡಿಗೆ ನೀರು ಬಿಡಿ ಎಂದು ಸುಪ್ರೀಂ ಕೋರ್ಟ್ ಹೇಳಿದಾಗ ಮಂಡ್ಯದ ರೈತರು ಹೆದ್ದಾರಿಗೆ ಇಳಿದರು, ಬೃಂದಾವನ ಕೆಲವು ದಿನ ಪ್ರವಾಸಿಗರಿಗೆ ಬಾಗಿಲು ಹಾಕಿತು. ಮಳೆಗಾಲದಲ್ಲಿ ಈ ಜಿಲ್ಲೆಯವರು ಪತ್ರಿಕೆ ಬಿಡಿಸಿ ಮೊದಲು ಹುಡುಕುವುದು ಕಟ್ಟೆಯ ಮಟ್ಟ 124.80 ಅಡಿಗೆ ಇನ್ನೆಷ್ಟು ಬಾಕಿ ಎಂದು. ಕಾರಂಜಿ ಎಷ್ಟು ಹೊತ್ತಿಗೆ ಎಂದು ಕೇಳುವವರು ಹೊರಗಿನಿಂದ ಬಂದವರು.