ಕರೀ ಸೀರೆಯ ಮದುಮಗಳು

ಹೋದ ತಿಂಗಳು ದುಂಡಸಿಯಲ್ಲಿ ನಮ್ಮ ಕಾಕಾನ ಮನೆಯಲ್ಲಿ ಒಂದು ಸಣ್ಣ ಯುದ್ಧ ನಡೀತು. ಕಾಕಾನ ಮಗಳ ಮದುವೆ ವಿಷಯ. ಹುಡುಗ ಬೇರೆ ಜಾತಿಯವ. ಅದಕ್ಕೆ ಹೆಂಗೋ ಎಲ್ಲರೂ ಒಪ್ಪಿದ್ದರು. ಜಗಳ ಶುರುವಾಗಿದ್ದು ಆಕೆ ತನ್ನ ಪ್ಲ್ಯಾನ್ ಹೇಳಿದಾಗ. ಮನೆ ಅಂಗಳದಲ್ಲೇ ಹಂದರ, ಹಂದರದ ಬಟ್ಟೆಗೆ ಗೆಳತಿಯರು ಕೈಯಾರೆ ಬಣ್ಣ ಹಚ್ಚೋದು, ಡೊಳ್ಳು. ಪುರೋಹಿತರು ಬೇಡ. ತಾನು ಉಡೋದು ಕರೀ ಸೀರೆ.

ಕಾಕು ಒಂದೇ ಮಾತು ಅಂದಳು: “ಕರೀ ಸೀರಿ ಉಟ್ಕೊಂಡು ಯಾರರ ಅಕ್ಕಿಕಾಳಿಗೆ ನಿಂದರ್ತಾರೇನ್ ಬೇ?”

ಈ ಎಪಿಸೋಡ್ ಆ ಪ್ರಶ್ನೆಗೆ ಉತ್ತರ. ಉತ್ತರ ಏನಂದ್ರೆ, ನಮ್ಮ ಕಡೆ ಮದುಮಗಳ ಹತ್ತಿರ ಕರೀ ಸೀರೆ ಒಂದು ಇರಲೇಬೇಕಿತ್ತು. ಅದರ ಹೆಸರು ಚಂದ್ರಕಾಳಿ. ಕರೀ ರೇಷ್ಮೆ, ಅದರ ಮೇಲೆ ಕಸೂತಿ. ಹಾವೇರಿ ಜಿಲ್ಲೆ ಹುಟ್ಟಿದ್ದು 1997ರಲ್ಲಿ, ಅಲ್ಲೀತನಕ ದುಂಡಸಿ ಧಾರವಾಡ ಜಿಲ್ಲೆಯ ಊರು. ಕಸೂತಿಯ ಸೀಮೆಯೇ ಅದು. ಬಟ್ಟೆಯ ಮೇಲೆ ಗೆರೆ ಎಳೆಯದೆ, ಎಳೆ ಎಣಿಸಿಕೊಂಡೇ ಹೊಲಿಯೋದು, ಗಂಟು ಹಾಕೋ ಹಂಗಿಲ್ಲ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಗವಂತಿ, ಮುರ್ಗಿಯಲ್ಲಿ ಸೀರೆಯ ಹಿಂದೂ ಮುಂದೂ ಚಿತ್ತಾರ ಒಂದೇ ಥರ. ಗೋಪುರ, ತೇರು, ಆನೆ, ತುಳಸಿಕಟ್ಟೆ, ಪಲ್ಲಕ್ಕಿ. ಕರೀ ಬಟ್ಟೆಯ ಮೇಲೆ ಕೆಂಪು, ಹಳದಿ, ಹಸಿರು ದಾರ ಬಿದ್ದರೆ ಹೆಂಗೆ ಕಾಣತದ ಅಂತ ಫೋನಿನಲ್ಲಿ ಒಮ್ಮೆ ಹುಡುಕಿ ನೋಡ್ರಿ, ಆಮೇಲೆ ಎಪಿಸೋಡ್ ಮುಂದುವರೆಸ್ರಿ.

ಅಂದ್ರೆ ನಮ್ಮ ತಂಗಿಯ ‘ಹೊಸ’ ಐಡಿಯಾ ಕಾಕುವಿನ ಮುತ್ತಜ್ಜಿಗೆ ಹಳೇದೇ. ಕರೀ ಬಣ್ಣ ಅಪಶಕುನ ಅನ್ನೋದನ್ನೇ ಪದ್ಧತಿ ಅಂತ ನಾವು ನಂಬಿಬಿಟ್ಟಿದ್ದೀವಿ.

ಕಾಕಾನ ಚಿಂತೆ ಬೇರೆ ಇತ್ತು, ನನಗದು ಹೆಚ್ಚು ಗಟ್ಟಿ ಅನ್ನಿಸ್ತು. “ಸೀರಿ ಯಾವುದರ ಉಡಲಿ. ಭಟ್ಟರಿಲ್ಲದ ಲಗ್ನ ಕೋರ್ಟಿನ್ಯಾಗ ನಿಲ್ತೈತೇನೋ?” ನಾನು ಬಿ.ಕಾಂ. ಓದಿದವ, ವಕೀಲ ಅಲ್ಲ. ಆದರೂ ಓದಿಕೊಂಡೆ.

ಪುರೋಹಿತರಿಲ್ಲದ ಮದುವೆ ಅಂದ ಕೂಡಲೇ ಕನ್ನಡದಲ್ಲಿ ಬರೋ ಹೆಸರು ಕುವೆಂಪು. 1966ರಲ್ಲಿ ಕುಪ್ಪಳಿಯಲ್ಲಿ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆಯನ್ನ ಅವರೇ ‘ಮಂತ್ರ ಮಾಂಗಲ್ಯ’ ವಿಧಾನದಲ್ಲಿ ಮಾಡಿಸಿದರು. ಮುಹೂರ್ತ, ವರದಕ್ಷಿಣೆ, ಆಡಂಬರ ಯಾವುದೂ ಇಲ್ಲ. ಹಳೆಯ ಮಂತ್ರಗಳನ್ನ ಕನ್ನಡ ಅರ್ಥದ ಜೊತೆ ಓದೋದು, ಆಮೇಲೆ ಪ್ರಮಾಣ. ಹೆಂಡತಿ ಗಂಡನ ಅಧೀನಳಲ್ಲ, ಗಂಡನೂ ಹೆಂಡತಿಯ ಅಧೀನನಲ್ಲ ಅನ್ನೋ ಅರ್ಥದ ಮಾತು ಆ ಪ್ರಮಾಣದಲ್ಲಿದೆ. ಇವತ್ತಿಗೂ ಎಷ್ಟೋ ಜೋಡಿಗಳು ಹಿಂಗೇ ಮದುವೆ ಆಗ್ತಾರೆ.

ಕಾಯ್ದೆಯ ದಾರಿ ಇಷ್ಟು ಚಂದ ಇರಲಿಲ್ಲ. ಮುಂಬೈ ಪ್ರಾಂತದ ಕಾಲದಲ್ಲಿ, 1872ರ ಕಾಯ್ದೆ ಪ್ರಕಾರ ಶಾಸ್ತ್ರ ಬಿಟ್ಟು ಮದುವೆ ಆಗಬೇಕಂದ್ರೆ ‘ನಾನು ಹಿಂದೂ ಧರ್ಮದವನಲ್ಲ, ಮುಸ್ಲಿಂ ಅಲ್ಲ, ಕ್ರೈಸ್ತ ಅಲ್ಲ’ ಅಂತ ಉದ್ದಕ್ಕೆ ಬರೆದುಕೊಡಬೇಕಿತ್ತು. ಮದುವೆ ಆಗೋಕೆ ಧರ್ಮ ಬಿಟ್ಟೆ ಅನ್ನಬೇಕು! 1923ರ ತಿದ್ದುಪಡಿ ಅದನ್ನ ಸ್ವಲ್ಪ ಸಡಿಲಿಸ್ತು. ಪೂರಾ ಹೋಗಿದ್ದು 1954ರ ವಿಶೇಷ ವಿವಾಹ ಕಾಯ್ದೆ ಬಂದ ಮೇಲೆ. ಮರುವರ್ಷ ಬಂದ ಹಿಂದೂ ವಿವಾಹ ಕಾಯ್ದೆಯ 7ನೇ ಕಲಂ ಮಾತ್ರ ಇಬ್ಬರಲ್ಲಿ ಒಬ್ಬರ ಕಡೆಯ ರೂಢಿಯ ಶಾಸ್ತ್ರ ಆಗಬೇಕು ಅನ್ನುತ್ತೆ. ಪೆರಿಯಾರ್ ಕಡೆಯವರ ಸ್ವಾಭಿಮಾನ ಮದುವೆಗಳಿಗಾಗಿ 1967ರಲ್ಲಿ ಅಣ್ಣಾದುರೈ ಸರ್ಕಾರ ಇದಕ್ಕೆ 7ಎ ಅಂತ ಸೇರಿಸ್ತು. ಅದು ತಮಿಳುನಾಡಿಗೆ. ನಮ್ಮಲ್ಲಿ ಆ ಕಲಂ ಇಲ್ಲ.

ಕಾಕಾನ ಹೆದರಿಕೆ ಸುಳ್ಳಲ್ಲ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ, ಶಾಸ್ತ್ರವೇ ಆಗದೆ ಬರೇ ಸರ್ಟಿಫಿಕೇಟ್ ಮಾಡಿಸಿಕೊಂಡಿದ್ದ ಜೋಡಿಯ ಮದುವೆ ಹಿಂದೂ ವಿವಾಹ ಕಾಯ್ದೆಯಡಿ ಮದುವೆಯೇ ಅಲ್ಲ ಅಂತ ಹೇಳಿತು. ನಾಳೆ ಆಸ್ತಿ, ಪಿಂಚಣಿ, ಜೀವನಾಂಶದ ಮಾತು ಬಂದರೆ? ಹಂದರದ ಬಣ್ಣ ಆಗ ಸಾಕ್ಷಿ ಹೇಳೋದಿಲ್ಲ.

ಅದಕ್ಕೇ ನಾನು 1954ರ ಕಾಯ್ದೆ ಹಿಡ್ಕೊಂಡೆ. ನೋಟಿಸ್ ಕೊಡಬೇಕು, ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ಇದ್ದಿರಬೇಕು, ಆಕ್ಷೇಪಣೆಗೆ ಮತ್ತೆ 30 ದಿನ, ಮೂವರು ಸಾಕ್ಷಿಗಳ ಸಹಿ. ಆ ನೋಟಿಸ್ ಕಚೇರಿಯಲ್ಲಿ ಎಲ್ಲರಿಗೂ ಕಾಣೋ ಹಂಗೆ ಅಂಟಿಸ್ತಾರೆ. ಮನೆಯವರ ವಿರೋಧ ಇರೋ ಜೋಡಿಗೆ ಇದೇ ದೊಡ್ಡ ಕುತ್ತು. ನಮ್ಮ ತಂಗಿಗೆ ಮನೆಯವರು ಜೊತೆಗಿದ್ದಾರೆ, ಅದು ಆಕೆಯ ಅದೃಷ್ಟ. ಆದರೆ ಇದೇ ಕಾಯ್ದೆಯ 12ನೇ ಕಲಂ ನೋಡ್ರಿ: ಮದುವೆ ಕಚೇರಿಯಲ್ಲೇ ಆಗಬೇಕಂತಿಲ್ಲ, ಹತ್ತಿರದ ಜಾಗಕ್ಕೆ ಶುಲ್ಕ ಕಟ್ಟಿ ಅಧಿಕಾರಿಯನ್ನ ಕರೆಸಬಹುದು. ವಿಧಾನ ನಿಮ್ಮಿಷ್ಟ. ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರು, ಇಬ್ಬರಿಗೂ ತಿಳಿಯೋ ಭಾಷೆಯಲ್ಲಿ, ಒಬ್ಬರನ್ನೊಬ್ಬರು ಒಪ್ಪಿದೆವು ಅನ್ನಬೇಕು, ಅಷ್ಟೇ.

ಅಂದ್ರೆ ದುಂಡಸಿಯ ಅಂಗಳ ನಡೀತದ. ಡೊಳ್ಳು, ಕುವೆಂಪು, ಕರೀ ಸೀರೆ ಎಲ್ಲಾ ನಡೀತದ.

ಇದನ್ನೆಲ್ಲ ಹೇಳಿ ಮುಗಿಸಿದಾಗ ಅಜ್ಜಿ ಟ್ರಂಕಿನಿಂದ ಒಂದು ಗಂಟು ತೆಗೆದಳು. ಆಕೆಯ ಅವ್ವನ ಚಂದ್ರಕಾಳಿ. ಮಡಿಕೆ ಮಡಿಕೆಗೂ ಹರಿದಿತ್ತು, ಸೆರಗಿನ ಆನೆಗಳು ಮಾತ್ರ ಹಂಗೇ ಇದ್ದವು. ಉಡೋಕಂತೂ ಆಗಲ್ಲ. ಆ ಆನೆಗಳನ್ನ ನೋಡಿಕೊಂಡು ಹೊಸ ಕರೀ ಸೀರೆಯ ಮೇಲೆ ಎಳೆ ಎಣಿಸಿ ಹೊಲಿಯೋರು ಬೇಕು. ಅಜ್ಜಿಗೆ ಕಣ್ಣು ಮಂಜು, ಸೂಜಿ ಹಿಡಿಯೋಕಾಗಲ್ಲ, ಆದರೆ ಎಣಿಕೆ ನೆನಪೈತಿ. ಈಗ ದಿನಾ ಸಂಜೆ ಅಜ್ಜಿ ಎಣಿಸ್ತಾಳ, ತಂಗಿ ಹೊಲೀತಾಳ. ಮೂರು ಆನೆ ಆಗ್ಯಾವ. ನೋಟಿಸ್ ಮೊನ್ನೆ ಸೋಮವಾರ ಕೊಟ್ಟು ಬಂದ್ವಿ.