ಕಸದ ದಿಬ್ಬಗಳಲ್ಲಿನ ಹಳೆಯ ಸೀಸೆಗಳು: ಹವ್ಯಾಸಿಗಳ ಅಗೆತ ಹಾಗೂ ಇತಿಹಾಸದ ಆಕರಗಳು

ಪೀಠಿಕೆ

ಒಂದು ಕಾಲದ ಜನಜೀವನವನ್ನು ಅರಿಯಲು ಶಾಸನ, ಸಾಹಿತ್ಯ ಮತ್ತು ಕಡತಗಳಂತೆಯೇ ಆ ಜನರು ಬಳಸಿ ಬಿಸುಟ ವಸ್ತುಗಳೂ ಮುಖ್ಯ ಆಕರಗಳಾಗುತ್ತವೆ. ಬಳ್ಳಾರಿ-ರಾಯಚೂರು ಪ್ರದೇಶದ ಬೂದಿದಿಬ್ಬಗಳು ಇದಕ್ಕೆ ನಮ್ಮ ನೆಲದ ನಿದರ್ಶನ. ಹಂಪಿಯ ಸಮೀಪದ ನಿಂಬಾಪುರದ ದಿಬ್ಬವನ್ನು ಸ್ಥಳೀಯ ಐತಿಹ್ಯವು ವಾಲಿಯ ಚಿತಾಭಸ್ಮವೆಂದು ಗುರುತಿಸುತ್ತದೆ. ಆಲ್ಚಿನ್ ಅವರು 1957ರಲ್ಲಿ ಉಟ್ನೂರಿನ ಬೂದಿದಿಬ್ಬದಲ್ಲಿ ನಡೆಸಿದ ಉತ್ಖನನವು ದನಗಳ ಗೊರಸಿನ ಗುರುತುಗಳನ್ನೂ ಸುಟ್ಟ ಸಗಣಿಯ ಸ್ತರಗಳನ್ನೂ ಬೆಳಕಿಗೆ ತಂದಿತು. ಇಂತಹ ದಿಬ್ಬಗಳು ನವಶಿಲಾಯುಗದ ದನಗಾಹಿಗಳ ದೊಡ್ಡಿಗಳೆಂಬ ಅಭಿಪ್ರಾಯಕ್ಕೆ ಅದರಿಂದ ಗಟ್ಟಿಯಾದ ಆಧಾರ ದೊರೆಯಿತು. ಈ ನಿರ್ಣಯಕ್ಕೆ ನೆರವಾದುದು ದಿಬ್ಬದಲ್ಲಿ ದೊರೆತ ಯಾವುದೇ ಒಂದು ಸುಂದರ ವಸ್ತುವಲ್ಲ, ಸ್ತರಗಳ ಕ್ರಮ.

ಬ್ರಿಟನ್ನಿನಲ್ಲಿಯೂ ಬೇರೊಂದು ಬಗೆಯ ಬೂದಿದಿಬ್ಬಗಳಿವೆ. ಅವು 19ನೆಯ ಶತಮಾನದ ಉತ್ತರಾರ್ಧದಿಂದ 20ನೆಯ ಶತಮಾನದ ಆರಂಭದವರೆಗೆ ನಗರಗಳ ಮನೆಗಳಿಂದ ಹೊರಬಿದ್ದ ಕಲ್ಲಿದ್ದಲ ಬೂದಿ ಮತ್ತು ಕಸದ ರಾಶಿಗಳು. ಕಳೆದ ಶತಮಾನದ 70ರ ದಶಕದಿಂದ ಸಾವಿರಾರು ಹವ್ಯಾಸಿಗಳು ಈ ದಿಬ್ಬಗಳನ್ನು ಅಗೆದು ಹಳೆಯ ಸೀಸೆಗಳನ್ನು ಹೊರತೆಗೆದಿದ್ದಾರೆ. ಈ ಹವ್ಯಾಸವು ಇತಿಹಾಸಕ್ಕೆ ನೀಡಿದ ಲಾಭವನ್ನೂ ಉಂಟುಮಾಡಿದ ನಷ್ಟವನ್ನೂ ಪರಿಶೀಲಿಸಿ, ಅದರಿಂದ ಕರ್ನಾಟಕದ ಸಂಶೋಧನೆಗೆ ಒದಗುವ ಪಾಠವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದಿಬ್ಬಗಳ ಉಗಮ

ಬ್ರಿಟನ್ನಿನಲ್ಲಿ ಗಾಜಿನ ಮೇಲಿನ ಅಬಕಾರಿ ಸುಂಕವು 1845ರಲ್ಲಿ ರದ್ದಾಯಿತು. ಆ ಬಳಿಕ ಗಾಜಿನ ಸೀಸೆ ಅಗ್ಗವಾಯಿತು. ಔಷಧ, ಶಾಯಿ, ಮಸಾಲೆ ರಸ, ಸೋಡಾ ಮತ್ತು ಬಿಯರ್‌ಗಳು ಸೀಸೆಗಳಲ್ಲಿ ತುಂಬಿ ಸಾಮಾನ್ಯರ ಮನೆಗಳನ್ನು ತಲುಪತೊಡಗಿದವು. ಅದೇ ಕಾಲದಲ್ಲಿ ನಗರಗಳ ಜನಸಂಖ್ಯೆ ಏರಿತು. ಕಲ್ಲಿದ್ದಲೇ ಮನೆಮನೆಯ ಉರುವಲಾಗಿದ್ದುದರಿಂದ ಮನೆಗಸದಲ್ಲಿ ಬೂದಿಯ ಪಾಲೇ ಅಧಿಕವಾಗಿತ್ತು.

ಆರಂಭದಲ್ಲಿ ಈ ಬೂದಿಗೂ ಬೆಲೆಯಿತ್ತು. ಲಂಡನ್ನಿನ ಕಸವನ್ನು ದೋಣಿಗಳಲ್ಲಿ ತುಂಬಿ ಕೆಂಟ್ ಮತ್ತು ಎಸೆಕ್ಸ್ ಪ್ರಾಂತಗಳ ಇಟ್ಟಿಗೆ ತಯಾರಿಕೆಯ ಬಯಲುಗಳಿಗೆ ಸಾಗಿಸಲಾಗುತ್ತಿತ್ತು. ಜರಡಿ ಹಿಡಿದ ಬೂದಿಯನ್ನು ಜೇಡಿಮಣ್ಣಿಗೆ ಬೆರೆಸಿ ಇಟ್ಟಿಗೆ ಸುಡುತ್ತಿದ್ದರು. ಅದೇ ದೋಣಿಗಳು ಇಟ್ಟಿಗೆಯನ್ನು ಹೊತ್ತು ಲಂಡನ್ನಿಗೆ ಮರಳುತ್ತಿದ್ದವು. ಜರಡಿಯಲ್ಲಿ ಉಳಿದ ಸೀಸೆ, ಪಿಂಗಾಣಿ ಮತ್ತು ಮೂಳೆಗಳು ಆ ಬಯಲಿನಲ್ಲಿಯೇ ರಾಶಿಬಿದ್ದವು. 1875ರ ಸಾರ್ವಜನಿಕ ಆರೋಗ್ಯ ಕಾಯಿದೆಯ ತರುವಾಯ ಸ್ಥಳೀಯ ಸಂಸ್ಥೆಗಳು ಮನೆಗಸವನ್ನು ಕ್ರಮವಾಗಿ ಸಂಗ್ರಹಿಸುವ ಪದ್ಧತಿ ವ್ಯಾಪಕವಾಯಿತು. ಹಳೆಯ ಕಲ್ಲುಗಣಿ, ಜೇಡಿಮಣ್ಣಿನ ಗುಂಡಿ, ಜೌಗುನೆಲ ಮತ್ತು ಕಮರಿಗಳನ್ನು ಈ ಕಸದಿಂದ ತುಂಬಲಾಯಿತು. ಹೀಗೆ ತಮ್ಮ ಮನೆಯ ದಿನಚರಿಯನ್ನು ಎಂದೂ ಬರೆದಿಡದ ದುಡಿಯುವ ವರ್ಗದ ಬದುಕಿನ ಗುರುತುಗಳು ದಿಬ್ಬಗಳಲ್ಲಿ ಸಂಚಯಗೊಂಡವು.

ಹವ್ಯಾಸದ ಬೆಳವಣಿಗೆ

ಸೀಸೆ ಅಗೆಯುವ ಹವ್ಯಾಸವು ಸಂಘಟಿತ ರೂಪ ಪಡೆದುದು ಮೊದಲು ಅಮೆರಿಕದಲ್ಲಿ. 1959ರಲ್ಲಿ ಕ್ಯಾಲಿಫೋರ್ನಿಯದ ಸ್ಯಾಕ್ರಮೆಂಟೊದಲ್ಲಿ ಸೀಸೆ ಸಂಗ್ರಾಹಕರ ಸಂಘವೊಂದು ಸ್ಥಾಪನೆಯಾಯಿತು. 1969ರಲ್ಲಿ ಇಂತಹ ಸಂಘಗಳ ರಾಷ್ಟ್ರೀಯ ಒಕ್ಕೂಟ ರೂಪುಗೊಂಡಿತು. ಅಲ್ಲಿಯ ಹವ್ಯಾಸಿಗಳು ಪಾಳುಬಿದ್ದ ಗಣಿಪಟ್ಟಣಗಳನ್ನೂ ಹಳೆಯ ಮನೆಗಳ ಹಿತ್ತಿಲಿನ ಶೌಚಗುಂಡಿಗಳನ್ನೂ ಅರಸಿದರು. ಬ್ರಿಟನ್ನಿನಲ್ಲಿ ಎಡ್ವರ್ಡ್ ಫ್ಲೆಚರ್ ಅವರು 1972ರಲ್ಲಿ ಪ್ರಕಟಿಸಿದ ಸೀಸೆ ಸಂಗ್ರಹದ ಕೈಪಿಡಿಯು ನಗರಗಳ ಕಸದ ದಿಬ್ಬಗಳತ್ತ ಜನರ ಗಮನ ಸೆಳೆಯಿತು. ಆ ದಶಕದಲ್ಲಿ ಊರೂರುಗಳಲ್ಲಿ ಸಂಘಗಳು, ಮೇಳಗಳು ಮತ್ತು ಹರಾಜುಗಳು ಆರಂಭವಾದವು.

ಈ ಹವ್ಯಾಸಿಗಳ ಶೋಧನಾ ಕ್ರಮವು ಗಮನಾರ್ಹವಾದುದು. ಬೇರೆಬೇರೆ ವರ್ಷಗಳ ಸರ್ವೆ ನಕ್ಷೆಗಳನ್ನು ಹೋಲಿಸಿ, ಒಂದರಲ್ಲಿ ಗುಂಡಿಯಾಗಿದ್ದು ಇನ್ನೊಂದರಲ್ಲಿ ಸಮತಟ್ಟಾದ ಸ್ಥಳವನ್ನು ಅವರು ಗುರುತಿಸುತ್ತಾರೆ. ಮೊಲಗಳು ತೋಡಿದ ಬಿಲದ ಮುಂದೆ ಬಿದ್ದ ಬೂದಿಯನ್ನೂ ಪಿಂಗಾಣಿ ಚೂರುಗಳನ್ನೂ ಪರೀಕ್ಷಿಸುತ್ತಾರೆ. ಕಬ್ಬಿಣದ ಸಲಾಕೆಯನ್ನು ನೆಲಕ್ಕಿಳಿಸಿ ಅದು ತಾಗುವ ಸದ್ದಿನಿಂದ ಗಾಜನ್ನು ಊಹಿಸುತ್ತಾರೆ. ಬೂದಿಯ ಗೋಡೆ ಸಡಿಲವಾದುದರಿಂದ ಆಳವಾದ ಗುಂಡಿಗಳು ಕುಸಿಯುವ ಅಪಾಯ ಸದಾ ಇರುತ್ತದೆ. ಭೂಮಾಲೀಕನ ಒಪ್ಪಿಗೆಯಿಲ್ಲದೆ ನಡೆಯುವ ಅಗೆತವು ಕಾನೂನುಬಾಹಿರವೂ ಆಗಿದೆ.

ಸೀಸೆಗಳಿಂದ ತಿಳಿಯುವ ಇತಿಹಾಸ

ಸೀಸೆಯ ಕಾಲನಿರ್ಣಯಕ್ಕೆ ಅದರ ಮೈಮೇಲಿನ ಗುರುತುಗಳೇ ಆಧಾರ. ಊದಿದ ಸೀಸೆಯ ತಳವನ್ನು ಹಿಡಿದಿದ್ದ ಕಬ್ಬಿಣದ ಸಲಾಕೆಯನ್ನು ಕಿತ್ತಾಗ ಉಳಿಯುವ ಒರಟು ಗುರುತು ಹಳೆಯ ಪದ್ಧತಿಯನ್ನು ಸೂಚಿಸುತ್ತದೆ. ಅಚ್ಚಿನ ಎರಡು ಭಾಗಗಳು ಕೂಡಿದ ಗೆರೆಯು ಬಾಯಂಚಿಗಿಂತ ಕೆಳಗೇ ನಿಂತಿದ್ದರೆ ಬಾಯನ್ನು ಕೈಯಿಂದ ರೂಪಿಸಲಾಗಿದೆ ಎಂದರ್ಥ. ಗೆರೆಯು ಬಾಯಂಚನ್ನು ದಾಟಿದ್ದರೆ ಅದು ಬಹುಮಟ್ಟಿಗೆ ಯಂತ್ರನಿರ್ಮಿತ. ಮೈಕೆಲ್ ಓವೆನ್ಸ್ ಅವರ ಸ್ವಯಂಚಾಲಿತ ಯಂತ್ರವು 1903ರಲ್ಲಿ ಬಳಕೆಗೆ ಬಂದುದು ಇಲ್ಲಿ ಒಂದು ಗಡಿರೇಖೆಯಾಗಿದೆ.

ಇಂಗಾಲಾಮ್ಲ ತುಂಬಿದ ನೀರಿನ ಸೀಸೆಗಳು ತಂತ್ರಜ್ಞಾನದ ಇತಿಹಾಸವನ್ನು ಸ್ಪಷ್ಟವಾಗಿ ತೋರಿಸುತ್ತವೆ. ಬೆಂಡಿನ ಬಿರಡೆ ಒಣಗಿದರೆ ಕುಗ್ಗಿ ಅನಿಲ ಸೋರಿಹೋಗುತ್ತಿತ್ತು. ಇದನ್ನು ತಡೆಯಲು ನೆಟ್ಟಗೆ ನಿಲ್ಲಿಸಲಾಗದ, ಮಲಗಿಸಿಯೇ ಇಡಬೇಕಾದ ಮೊಟ್ಟೆಯಾಕಾರದ ಸೀಸೆಯು 19ನೆಯ ಶತಮಾನದ ಆರಂಭದಲ್ಲಿ ಬಳಕೆಗೆ ಬಂದಿತು. ಅದು ಹ್ಯಾಮಿಲ್ಟನ್ ಸೀಸೆ ಎಂದು ಹೆಸರಾಗಿದೆ. ಬಳಿಕ ಹೈರಮ್ ಕಾಡ್ ಎಂಬ ಇಂಗ್ಲಿಷ್ ಇಂಜಿನಿಯರ್ 1870ರ ದಶಕದ ಆರಂಭದಲ್ಲಿ ಗಾಜಿನ ಗೋಲಿಯೇ ಬಿರಡೆಯಾಗುವ ಸೀಸೆಗೆ ಹಕ್ಕುಪತ್ರ ಪಡೆದನು. ಕೊರಳಿನೊಳಗೆ ರಬ್ಬರಿನ ಉಂಗುರವಿದ್ದು, ತಲೆಕೆಳಗಾಗಿಸಿ ತುಂಬಿದ ನೀರಿನ ಅನಿಲದ ಒತ್ತಡವು ಗೋಲಿಯನ್ನು ಆ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಗೋಲಿಯನ್ನು ಒಳಕ್ಕೆ ತಳ್ಳಿದರೆ ಸೀಸೆ ತೆರೆದುಕೊಳ್ಳುತ್ತದೆ. ದಿಬ್ಬಗಳಲ್ಲಿ ಇಂತಹ ಒಡೆದ ಸೀಸೆಗಳು ಬಹಳವಾಗಿವೆ. ಹುಡುಗರು ಗೋಲಿಗಾಗಿ ಅವನ್ನು ಒಡೆಯುತ್ತಿದ್ದುದೇ ಇದಕ್ಕೆ ಒಂದು ಕಾರಣವೆಂದು ಹೇಳಲಾಗುತ್ತದೆ.

ಸೋಡಾ ಕಾರ್ಖಾನೆಗಳು ತಮ್ಮ ಹೆಸರು, ಊರು ಮತ್ತು ಮುದ್ರೆಗಳನ್ನು ಸೀಸೆಯ ಮೇಲೆ ಉಬ್ಬಕ್ಷರಗಳಲ್ಲಿ ಮೂಡಿಸುತ್ತಿದ್ದವು. ಸೀಸೆಯು ಕಾರ್ಖಾನೆಯ ಸ್ವತ್ತೆಂಬ ಒಕ್ಕಣೆಯೂ ಹಲವು ಸೀಸೆಗಳಲ್ಲಿದೆ. ಹವ್ಯಾಸಿಗಳು ಈ ಹೆಸರುಗಳನ್ನು ಅಂದಿನ ವ್ಯಾಪಾರಿ ಕೈಪಿಡಿಗಳೊಡನೆ ಹೋಲಿಸಿ, ಒಂದೊಂದು ಪಟ್ಟಣದ ಸಣ್ಣ ಉದ್ಯಮಗಳ ಪಟ್ಟಿಗಳನ್ನು ಸಿದ್ಧಪಡಿಸಿದರು. ವೃತ್ತಿಪರ ಇತಿಹಾಸಕಾರರು ಬಹುಕಾಲ ಕೈಹಾಕದ ಕೆಲಸ ಇದಾಗಿತ್ತು. ಅಮೆರಿಕದಲ್ಲಿ ಗಾಜಿನ ಉದ್ಯಮದ ಇಂಜಿನಿಯರ್ ಆಗಿದ್ದ ಜೂಲಿಯನ್ ಟೂಲೂಸ್ ಅವರು ತಯಾರಕರ ಗುರುತುಗಳನ್ನು ಕುರಿತು 1971ರಲ್ಲಿ ಪ್ರಕಟಿಸಿದ ಗ್ರಂಥವನ್ನು ಸಂಗ್ರಾಹಕರಂತೆ ಪುರಾತತ್ತ್ವಜ್ಞರೂ ಅವಲಂಬಿಸಿದ್ದಾರೆ.

ಆರೋಗ್ಯದ ಇತಿಹಾಸಕ್ಕೂ ಇಲ್ಲಿ ಸಾಮಗ್ರಿಯಿದೆ. ವಿಷದ ಸೀಸೆಗಳು ನೀಲಿ ಅಥವಾ ಹಸಿರು ಬಣ್ಣದವು. ಕತ್ತಲಿನಲ್ಲಿ ಮುಟ್ಟಿದೊಡನೆ ತಿಳಿಯಲೆಂದು ಅವುಗಳ ಮೈಮೇಲೆ ಉಬ್ಬುಗೆರೆಗಳನ್ನು ಮೂಡಿಸಲಾಗಿದೆ. ಉದ್ದವಾದ ರಬ್ಬರ್ ಕೊಳವೆಯಿದ್ದ ಹಾಲೂಡಿಸುವ ಸೀಸೆಗಳು ಕಾರ್ಮಿಕ ವರ್ಗದ ತಾಯಂದಿರಿಗೆ ಅನುಕೂಲವೆನಿಸಿದ್ದವು. ಕೊಳವೆಯನ್ನು ತೊಳೆಯಲಾಗದೆ ಹಾಲಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಅನೇಕ ಶಿಶುಗಳ ಸಾವಿಗೆ ಅವು ಕಾರಣವಾದವು. ಫ್ರಾನ್ಸ್ 1910ರಲ್ಲಿ ಅವುಗಳನ್ನು ನಿಷೇಧಿಸಿತು. ಮಕ್ಕಳ ಅಳುವನ್ನು ಶಮನಗೊಳಿಸುವುದಾಗಿ ಪ್ರಚಾರ ಪಡೆದ ‘ಮಿಸೆಸ್ ವಿನ್ಸ್‌ಲೋ’ ಪಾನಕದಲ್ಲಿ ಮಾರ್ಫಿನ್ ಇತ್ತು. ಅಂದಿನ ಜಾಹೀರಾತುಗಳಿಂದ ಇಂತಹ ಔಷಧಗಳಿಗೆ ಇದ್ದ ಪ್ರಚಾರವು ತಿಳಿಯುತ್ತದೆ. ಅವನ್ನು ಯಾರ ಮನೆಯಲ್ಲಿ, ಎಷ್ಟು ಪ್ರಮಾಣದಲ್ಲಿ ಬಳಸಿದರೆಂಬುದನ್ನು ತಿಳಿಸಬಲ್ಲವುಗಳಲ್ಲಿ ಕಸದ ದಿಬ್ಬ ಮುಖ್ಯವಾದುದು.

ಸ್ತರದ ನಷ್ಟ

ಹವ್ಯಾಸಿಗಳ ಅಗೆತದ ಮೂಲ ದೋಷವು ಇದೇ ಅಂಶಕ್ಕೆ ಸಂಬಂಧಿಸಿದೆ. ಸಂಗ್ರಾಹಕನಿಗೆ ಬೇಕಾದುದು ಇಡಿಯಾದ, ಅಪರೂಪದ, ಬಣ್ಣದ ಸೀಸೆ. ಒಡೆದವು, ಸಾಮಾನ್ಯವಾದವು, ಮೂಳೆ, ಚಿಪ್ಪು ಮತ್ತು ಲೋಹದ ಚೂರುಗಳು ಮರಳಿ ಗುಂಡಿ ಸೇರುತ್ತವೆ. ಇದರಿಂದ ಬಳಕೆಯ ಪ್ರಮಾಣವನ್ನು ಅರಿಯುವ ಮಾರ್ಗ ಮುಚ್ಚಿಹೋಗುತ್ತದೆ. ಒಂದು ಬೀದಿಯ ಜನ ಔಷಧಕ್ಕಿಂತ ಬಿಯರನ್ನು ಹೆಚ್ಚು ಕೊಂಡರೇ, ಹಾಲೂಡಿಸುವ ಸೀಸೆಗಳು ಯಾವ ಸ್ತರದಿಂದ ಮೇಲೆ ಕಡಿಮೆಯಾದವು ಎಂಬಂತಹ ಪ್ರಶ್ನೆಗಳಿಗೆ ಸಂಗ್ರಹದ ಕಪಾಟು ಉತ್ತರಿಸಲಾರದು. ಮಣ್ಣಿನಲ್ಲಿ ಮಸುಕಾದ ಗಾಜನ್ನು ತಾಮ್ರದ ತುಂಡು ಮತ್ತು ಒರೆಪುಡಿಗಳೊಡನೆ ಯಂತ್ರದಲ್ಲಿ ಉರುಳಿಸಿ ಹೊಳಪು ಕೊಡುವ ರೂಢಿಯೂ ಇದೆ. ಹಾಗೆ ಮಾಡಿದಾಗ ತಯಾರಿಕೆಯ ಮತ್ತು ಬಳಕೆಯ ಸೂಕ್ಷ್ಮ ಗುರುತುಗಳು ಅಳಿಯುತ್ತವೆ.

ಸ್ತರದ ಮಹತ್ವವನ್ನು ಕರ್ನಾಟಕದ ಉತ್ಖನನ ಚರಿತ್ರೆಯಿಂದಲೇ ವಿಶದಪಡಿಸಬಹುದು. ಮಾರ್ಟಿಮರ್ ವೀಲರ್ ಅವರು 1945ರಲ್ಲಿ ಅರಿಕಮೇಡುವಿನಲ್ಲಿ ರೋಮನ್ ಮಡಕೆಗಳ ಆಧಾರದಿಂದ, ಒಳತಳದಲ್ಲಿ ಚುಕ್ಕಿಸಾಲಿನ ವೃತ್ತಗಳುಳ್ಳ ‘ರೂಲೆಟೆಡ್’ ಮಡಕೆಗಳ ಕಾಲವನ್ನು ನಿರ್ಧರಿಸಿದರು. 1947ರಲ್ಲಿ ಬ್ರಹ್ಮಗಿರಿಯಲ್ಲಿ ಅದೇ ಬಗೆಯ ಮಡಕೆಯ ಚೂರುಗಳು ದೊರೆತ ಸ್ತರವನ್ನು ಆಧಾರವಾಗಿಟ್ಟುಕೊಂಡು ಅಲ್ಲಿನ ಬೃಹತ್ ಶಿಲಾ ಸಂಸ್ಕೃತಿಗೂ ಅದಕ್ಕೆ ಹಿಂದಿನ ಶಿಲಾಪರಶು ಸಂಸ್ಕೃತಿಗೂ ಕಾಲಾನುಕ್ರಮವನ್ನು ಸೂಚಿಸಿದರು. ಆ ಕಾಲಮಾನಗಳು ಮುಂದೆ ಬಹಳವಾಗಿ ಪರಿಷ್ಕೃತಗೊಂಡಿವೆ. ಹಾಗೆ ಪರಿಷ್ಕರಿಸಲು ಸಾಧ್ಯವಾದುದಕ್ಕೆ ಸ್ತರಗಳ ಲಿಖಿತ ದಾಖಲೆ ಉಳಿದಿದ್ದುದೇ ಮುಖ್ಯ ಕಾರಣ. ಕಾಡ್ ಸೀಸೆಯೂ ತನ್ನ ಸ್ತರದಲ್ಲಿ ದೊರೆತಾಗ ಇಂತಹುದೇ ಸಾಕ್ಷ್ಯವಾಗುತ್ತದೆ. ಸ್ತರದಿಂದ ಬೇರ್ಪಟ್ಟಾಗ ಅದು ತನ್ನ ತಯಾರಿಕೆಯನ್ನು ಕುರಿತು ಮಾತ್ರ ಹೇಳಬಲ್ಲದು.

ಈ ನಷ್ಟಕ್ಕೆ ಹವ್ಯಾಸಿಗಳನ್ನು ಮಾತ್ರ ಹೊಣೆ ಮಾಡುವುದು ಸರಿಯಲ್ಲ. ಅವರು ಅಗೆಯಲಾರಂಭಿಸಿದಾಗ ವಿದ್ವಾಂಸರಲ್ಲಿ ಬಹುತೇಕರಿಗೆ ಈ ದಿಬ್ಬಗಳು ಬರಿಯ ಕಸವೇ ಆಗಿದ್ದವು. ಕಟ್ಟಡ ಮತ್ತು ರಸ್ತೆಗಳ ನಿರ್ಮಾಣದಲ್ಲಿ ಅನೇಕ ದಿಬ್ಬಗಳು ಯಾರ ಗಮನಕ್ಕೂ ಬಾರದೆ ನಾಶವಾದವು. ಕಾನೂನಿನ ದೃಷ್ಟಿಯೂ ಏಕರೂಪವಾಗಿರಲಿಲ್ಲ. ಅಮೆರಿಕದ 1979ರ ಪುರಾತತ್ತ್ವ ಸಂಪನ್ಮೂಲ ರಕ್ಷಣಾ ಕಾಯಿದೆಯು 100 ವರ್ಷ ಮೀರಿದ ಅವಶೇಷಗಳ ಪಟ್ಟಿಯಲ್ಲಿ ಸೀಸೆಗಳನ್ನು ಹೆಸರಿಸಿಯೇ ಸೇರಿಸಿತು. ಆದರೆ ಅದು ಒಕ್ಕೂಟ ಸರ್ಕಾರದ ಮತ್ತು ಮೂಲನಿವಾಸಿಗಳ ಭೂಮಿಗಳಿಗೆ ಅನ್ವಯಿಸುತ್ತದೆ, ಖಾಸಗಿ ಭೂಮಿಗಳಿಗಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1997ರಲ್ಲಿ ಆರಂಭವಾದ, ಜನರು ಕಂಡ ಪ್ರಾಚೀನ ವಸ್ತುಗಳನ್ನು ದಾಖಲಿಸುವ ಯೋಜನೆಯು ಮುಖ್ಯವಾಗಿ ಸುಮಾರು 1700ಕ್ಕಿಂತ ಹಿಂದಿನ ವಸ್ತುಗಳಿಗೆ ಗಮನ ನೀಡಿತು. ಹೀಗಾಗಿ 19ನೆಯ ಶತಮಾನದ ಸೀಸೆಗಳು ಬಹುಮಟ್ಟಿಗೆ ಅದರ ವ್ಯಾಪ್ತಿಯ ಹೊರಗುಳಿದವು.

ಕಸವನ್ನು ಶಾಸ್ತ್ರೀಯವಾಗಿ ಅಭ್ಯಸಿಸುವ ಮಾರ್ಗವನ್ನು ಅರಿಜೋನ ವಿಶ್ವವಿದ್ಯಾಲಯದ ವಿಲಿಯಂ ರಾತ್ಯೆ ಅವರು 1973ರಲ್ಲಿ ಆರಂಭಿಸಿದ ಯೋಜನೆಯು ತೋರಿಸಿತು. ಜನರು ತಾವು ಬಳಸುವುದಾಗಿ ಹೇಳುವುದಕ್ಕೂ ವಾಸ್ತವವಾಗಿ ಎಸೆಯುವುದಕ್ಕೂ ಇರುವ ಅಂತರವನ್ನು ಅದು ಪ್ರಮಾಣಸಹಿತ ಸ್ಥಾಪಿಸಿತು. ಇಂಗ್ಲೆಂಡಿನಲ್ಲಿ ಟಾಮ್ ಲೈಸೆನ್ಸ್ ಅವರು 2015ರ ತಮ್ಮ ಗ್ರಂಥದಲ್ಲಿ ವಿಕ್ಟೋರಿಯ ಕಾಲದ ಕಸದ ಗುಂಡಿಗಳ ಅಧ್ಯಯನವನ್ನು ಮಂಡಿಸಿದ್ದಾರೆ. ಇಡೀ ನಗರದ ದಿಬ್ಬದಲ್ಲಿ ಎಲ್ಲರ ಕಸವೂ ಬೆರೆತಿರುತ್ತದೆ. ಒಂದು ಮನೆಯ ಹಿತ್ತಿಲಿನ ಗುಂಡಿಯನ್ನಾದರೋ ಜನಗಣತಿಯ ದಾಖಲೆಗಳ ನೆರವಿನಿಂದ ಆ ಕುಟುಂಬಕ್ಕೇ ಸಂಬಂಧಿಸಬಹುದು. ಇಂತಹ ಸಣ್ಣ ಗುಂಡಿಗಳ ಮಹತ್ವ ವಿದ್ವತ್‌ವಲಯದಲ್ಲಿ ಮನವರಿಕೆಯಾಗುವ ವೇಳೆಗೆ ಅನೇಕವು ಬರಿದಾಗಿದ್ದವು.

ಕರ್ನಾಟಕದ ಸಂದರ್ಭ

ಬ್ರಿಟನ್ನಿನಲ್ಲಿ ಕಾಡ್ ಸೀಸೆಯ ಬಳಕೆಯು 20ನೆಯ ಶತಮಾನದ ಪೂರ್ವಾರ್ಧದಲ್ಲಿ ನಿಂತುಹೋಯಿತು. ಭಾರತದಲ್ಲಿ ಅದು ಉಳಿದು ಕನ್ನಡಿಗರ ಬಾಯಲ್ಲಿ ‘ಗೋಲಿ ಸೋಡಾ’ ಎನಿಸಿತು. ಸಂತೆ-ಜಾತ್ರೆಗಳ ಪರಿಚಿತ ಪಾನೀಯವಾದ ಇದರ ಹಿನ್ನೆಲೆಯಲ್ಲಿ ವಸಾಹತುಕಾಲದ ತಂತ್ರಜ್ಞಾನವೊಂದು ಸ್ಥಳೀಯವಾದ ಕಥನವಿದೆ. 1809ರಲ್ಲಿ ಸ್ಥಾಪಿತವಾದ ಬೆಂಗಳೂರು ದಂಡು ಪ್ರದೇಶ ಹಾಗೂ 1880ರಿಂದ ಯಂತ್ರಸಹಿತ ಗಣಿಗಾರಿಕೆ ನಡೆದ ಕೋಲಾರ ಚಿನ್ನದ ಗಣಿ ಪ್ರದೇಶಗಳು ಈ ದೃಷ್ಟಿಯಿಂದ ಪರಿಶೀಲನಾರ್ಹ. ಐರೋಪ್ಯ ಅಧಿಕಾರಿಗಳು, ಸಿಪಾಯಿಗಳು ಮತ್ತು ಕಾರ್ಮಿಕರು ಒಂದೇ ನೆಲೆಯಲ್ಲಿ ಭಿನ್ನ ಸ್ಥಿತಿಗಳಲ್ಲಿ ಬಾಳಿದ ಪ್ರದೇಶಗಳಿವು.

ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಮ್ಮಲ್ಲಿ ಖಾಲಿ ಸೀಸೆ ಕಸವಲ್ಲ. ಹಳೆಯ ಸೀಸೆ-ಕಾಗದ ಕೊಳ್ಳುವವರ ಮೂಲಕ ಅದು ಮರಳಿ ಬಳಕೆಗೆ ಬರುತ್ತದೆ. ಗೋಲಿ ಸೋಡಾದ ಸೀಸೆಯಂತೂ ಮತ್ತೆ ಮತ್ತೆ ತುಂಬಿಸಲ್ಪಡುತ್ತದೆ. ಆದುದರಿಂದ ಸೀಸೆಯ ತಯಾರಿಕೆಯ ಕಾಲಕ್ಕೂ ಅದು ನೆಲ ಸೇರಿದ ಕಾಲಕ್ಕೂ ನಡುವೆ ದೀರ್ಘ ಅಂತರವಿರಬಹುದು. ಒಂದು ಸ್ತರದಲ್ಲಿ ದೊರೆತವುಗಳಲ್ಲಿ ಅತ್ಯಂತ ಈಚಿನ ವಸ್ತುವಿಗಿಂತ ಆ ಸ್ತರವು ಹಳೆಯದಾಗಿರಲಾರದು ಎಂಬ ನಿಯಮವನ್ನು ಇಲ್ಲಿ ಕಟ್ಟುನಿಟ್ಟಾಗಿ ಪಾಲಿಸಬೇಕು. ಅದಕ್ಕಾಗಿ ಸೀಸೆಯ ಜೊತೆಗಿನ ಚೂರುಗಳನ್ನೂ ದಾಖಲಿಸುವುದು ಅನಿವಾರ್ಯ.

1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯು 100 ವರ್ಷಗಳಿಗೆ ಕಡಿಮೆಯಿಲ್ಲದ, ಗತಕಾಲದ ಕಲೆ, ಕಸುಬು ಮತ್ತು ಆಚಾರಗಳನ್ನು ತೋರುವ ವಸ್ತುಗಳನ್ನು ಪ್ರಾಚ್ಯವಸ್ತುಗಳ ವ್ಯಾಖ್ಯೆಯಲ್ಲಿ ಸೇರಿಸುತ್ತದೆ. ವಸಾಹತುಕಾಲದ ಅನೇಕ ಸೀಸೆಗಳು ಈಗ ಆ ವಯಸ್ಸನ್ನು ದಾಟಿವೆ. ಆದರೆ ವ್ಯಾಖ್ಯೆಯೊಂದೇ ಅವುಗಳನ್ನು ರಕ್ಷಿಸಲಾರದು. ಹಳೆಯ ಬಂಗಲೆಗಳ ನಿವೇಶನಗಳಲ್ಲಿ ಯಂತ್ರಗಳು ತಳಪಾಯ ತೋಡುವಾಗ ಮೇಲ್‌ಸ್ತರದ ಮಣ್ಣು ಲಾರಿಗಳಲ್ಲಿ ಸಾಗಿಹೋಗುತ್ತದೆ. ಪ್ರಾಚೀನ ನೆಲೆಗಳನ್ನು ಅಗೆಯುವವರಿಗೂ ಮೇಲಿನ ಸ್ತರವು ಹಲವೊಮ್ಮೆ ಬೇಗನೆ ದಾಟಬೇಕಾದ ಅಡಚಣೆಯಾಗಿ ತೋರುತ್ತದೆ.

ಉಪಸಂಹಾರ

ಬ್ರಿಟನ್ ಮತ್ತು ಅಮೆರಿಕಗಳ ಹವ್ಯಾಸಿಗಳು ವಿದ್ವತ್‌ಲೋಕ ಕಡೆಗಣಿಸಿದ್ದ ಆಕರವೊಂದರ ಬೆಲೆಯನ್ನು ಮೊದಲು ಅರಿತರು. ಸೀಸೆಗಳ ವರ್ಗೀಕರಣ ಮತ್ತು ಕಾಲನಿರ್ಣಯಗಳಲ್ಲಿ ಅವರ ಕೊಡುಗೆ ಸ್ಥಾಯಿಯಾದುದು. ಅವರ ಅಗೆತದಿಂದ ಸೀಸೆಗಳು ಉಳಿದವು, ಅವು ಇದ್ದ ಸ್ತರಗಳು ಉಳಿಯಲಿಲ್ಲ. ಬರಿದಾದ ದಿಬ್ಬವನ್ನು ಮತ್ತೊಮ್ಮೆ ಅಗೆದು ಓದಲು ಸಾಧ್ಯವಿಲ್ಲ. ಕರ್ನಾಟಕದಲ್ಲಿ ಈ ಹವ್ಯಾಸವಾಗಲಿ ಅದರ ಮಾರುಕಟ್ಟೆಯಾಗಲಿ ಅಷ್ಟಾಗಿ ಬೆಳೆದಿಲ್ಲವಾದುದರಿಂದ ಇಲ್ಲಿ ಇನ್ನೂ ಅವಕಾಶವಿದೆ. ದೊರೆತ ಸ್ಥಳ, ಆಳ, ಮಣ್ಣಿನ ಬಗೆ ಮತ್ತು ಜೊತೆಯಲ್ಲಿದ್ದ ವಸ್ತುಗಳನ್ನು ಬರೆದಿಡುವ ಕ್ರಮವನ್ನು ಸ್ಥಳೀಯ ಆಸಕ್ತರಿಗೆ ತಿಳಿಸಿಕೊಡುವುದೂ, ದಂಡು ಮತ್ತು ಗಣಿ ಪ್ರದೇಶಗಳ ಹಳೆಯ ನಕ್ಷೆಗಳಲ್ಲಿ ಕಸ ಸುರಿಯುತ್ತಿದ್ದ ತಾಣಗಳನ್ನು ಗುರುತಿಸುವುದೂ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ಅಧಿಕ ವೆಚ್ಚವಿಲ್ಲದೆ ಕೈಗೊಳ್ಳಬಹುದಾದ ಕಾರ್ಯಗಳು. ವಸಾಹತುಕಾಲದ ಸಾಮಾನ್ಯರ ಬದುಕನ್ನು ಕುರಿತು ಕಡತಗಳು ಮೌನವಾಗಿರುವೆಡೆ ಈ ದಾಖಲೆಗಳು ಸಂಶೋಧಕರ ನೆರವಿಗೆ ಬರುತ್ತವೆ.