ಕೆರಿಬಿಯನ್ ದ್ವೀಪಗಳಲ್ಲಿ ಪ್ರವಾಸಿಯ ದಿನಖರ್ಚು

ಕೆರಿಬಿಯನ್ ದ್ವೀಪಗಳಲ್ಲಿ ತಂಗುವ ಹೊರಗಿನವರು ಖರ್ಚಿನ ಲೆಕ್ಕ ಬರೆದಿಡುವ ರೂಢಿ ಅಲ್ಲಿ ಹೋಟೆಲುಗಳು ಏಳುವುದಕ್ಕಿಂತ ಹಳೆಯದು. ಹಾಗೆ ಉಳಿದುಬಂದ ಲೆಕ್ಕಗಳಲ್ಲಿ ಒಂದು 1751ರದು. ಆ ವರ್ಷದ ನವೆಂಬರಿನಲ್ಲಿ ವರ್ಜೀನಿಯಾದ 19 ವರ್ಷದ ಜಾರ್ಜ್ ವಾಷಿಂಗ್ಟನ್ ಬಾರ್ಬಡೋಸಿಗೆ ಬಂದಿಳಿದ. ಕ್ಷಯದಿಂದ ಬಳಲುತ್ತಿದ್ದ ಮಲಅಣ್ಣ ಲಾರೆನ್ಸ್‌ಗೆ ಬೆಚ್ಚಗಿನ ಸಮುದ್ರದ ಗಾಳಿ ಹಿತವಾದೀತೆಂಬ ನಂಬಿಕೆ ಅವರನ್ನು ಅಲ್ಲಿಗೆ ತಂದಿತ್ತು. ಬ್ರಿಜ್‌ಟೌನ್ ಬಳಿ ಒಬ್ಬ ಸೇನಾಧಿಕಾರಿಯ ಮನೆಯಲ್ಲಿ ಅವರು ಬಾಡಿಗೆಗೆ ನಿಂತರು. ತಿಂಗಳಿಗೆ 15 ಪೌಂಡ್. ಮದ್ಯ ಮತ್ತು ಬಟ್ಟೆ ಒಗೆಸುವ ಖರ್ಚು ಬೇರೆ. ಈ ದರ ವಿಪರೀತ ಎಂದು ಜಾರ್ಜ್ ತನ್ನ ದಿನಚರಿಯಲ್ಲಿ ದೂರಿಕೊಂಡಿದ್ದಾನೆ. ದಿನಕ್ಕೆ ಭಾಗಿಸಿದರೆ ಅದು ಹತ್ತು ಶಿಲಿಂಗ್.

ಆದರೆ ಆ ದಿನಚರಿಯಲ್ಲಿ ಊಟದ ಖರ್ಚಿಗಿಂತ ಊಟದ ಕರೆಗಳೇ ಹೆಚ್ಚು ಕಾಣುತ್ತವೆ. ಸಕ್ಕರೆ ತೋಟಗಳ ಒಡೆಯರು ಒಬ್ಬರಾದ ಮೇಲೊಬ್ಬರು ಅತಿಥಿಗಳನ್ನು ಮನೆಗೆ ಕರೆದರು. ನಾಟಕದ ಟಿಕೆಟ್ಟನ್ನೂ ಬೇರೆಯವರೇ ಕೊಡಿಸಿದರು. ಹದಿನೆಂಟನೆಯ ಶತಮಾನದಲ್ಲಿ ಶಿಫಾರಸು ಪತ್ರ ಹಿಡಿದು ಬಂದ ಬಿಳಿಯ ಪ್ರಯಾಣಿಕನಿಗೆ ಈ ದ್ವೀಪಗಳಲ್ಲಿ ಕೈಯಿಂದ ಬಿಚ್ಚಬೇಕಾದ ಹಣ ಕಡಿಮೆಯಿತ್ತು. ಆ ಉಪಚಾರದ ನಿಜವಾದ ವೆಚ್ಚ ಭರಿಸುತ್ತಿದ್ದವರು ಕಬ್ಬಿನ ಗದ್ದೆಯಲ್ಲಿ, ಅಡುಗೆಮನೆಯಲ್ಲಿ ಕೂಲಿಯಿಲ್ಲದೆ ದುಡಿಯುತ್ತಿದ್ದ ಆಫ್ರಿಕನ್ ಗುಲಾಮರು. ಪ್ರವಾಸಿಯ ಯಾವ ಲೆಕ್ಕದ ಪುಸ್ತಕದಲ್ಲೂ ಆ ಬಾಬತ್ತು ಬರೆದಿಲ್ಲ.

ಹಣ ಬಿಚ್ಚಬೇಕಾದಾಗ ಎದುರಾಗುತ್ತಿದ್ದ ತೊಡಕು ನಾಣ್ಯದ್ದು. ಹದಿನೇಳನೆಯ ಶತಮಾನದ ಬಾರ್ಬಡೋಸಿನಲ್ಲಿ ಸಾಲ, ದಂಡ, ತೆರಿಗೆಗಳನ್ನು ಸಕ್ಕರೆಯ ತೂಕದಲ್ಲೇ ಕಟ್ಟುತ್ತಿದ್ದರು. ಇಂಗ್ಲೆಂಡಿನ ಬೆಳ್ಳಿ ನಾಣ್ಯ ವಸಾಹತುಗಳಿಗೆ ಹರಿಯದಂತೆ ಲಂಡನ್ ಸರಕಾರ ತಡೆಹಿಡಿದಿತ್ತು. ಹಾಗಾಗಿ ಲೆಕ್ಕ ಪೌಂಡು-ಶಿಲಿಂಗಿನಲ್ಲಿ, ಕೈಯಲ್ಲಿ ಮಾತ್ರ ಸ್ಪೇನಿನ ಡಾಲರು. ಒಂದು ಡಾಲರಿಗೆ ಎಂಟು ರಿಯಾಲ್. ಚಿಲ್ಲರೆ ಬೇಕಾದಾಗ ನಾಣ್ಯವನ್ನೇ ಉಳಿಯಿಟ್ಟು ಕತ್ತರಿಸುತ್ತಿದ್ದರು. ನಮ್ಮಲ್ಲಿ ರೂಪಾಯಿಗೆ ಹದಿನಾರಾಣೆಯ ಲೆಕ್ಕವಿದ್ದ ಕಾಲದಲ್ಲಿ ನಾಲ್ಕಾಣೆ, ಎಂಟಾಣೆಗೆ ಬೇರೆ ಬೇರೆ ನಾಣ್ಯಗಳಿದ್ದವು; ಅಲ್ಲಿ ಒಂದೇ ಬೆಳ್ಳಿ ಬಿಲ್ಲೆಯ ತುಂಡುಗಳೇ ಆ ಕೆಲಸ ಮಾಡಿದವು. ಎಂಟನೆಯ ಒಂದು ಭಾಗಕ್ಕೆ ‘ಬಿಟ್’ ಎಂದು ಹೆಸರು. ಕತ್ತರಿಸುವವರು ಎಂಟರ ಬದಲು ಒಂಬತ್ತು ತುಂಡು ಮಾಡಿ ಲಾಭ ಹೊಡೆಯುವುದೂ ನಡೆಯುತ್ತಿತ್ತು. ಬೆಳ್ಳಿ ದ್ವೀಪ ಬಿಟ್ಟು ಹೋಗದಿರಲೆಂದು ಕೆಲವೆಡೆ ಆಡಳಿತವೇ ನಾಣ್ಯದ ನಡುವೆ ತೂತು ಕೊರೆಸಿತು. 1811ರಲ್ಲಿ ಟ್ರಿನಿಡಾಡಿನಲ್ಲಿ ಹೀಗೆ ಕೊರೆದ ಉಂಗುರವೂ ಚಲಾವಣೆಯಾಯಿತು, ನಡುವಿನಿಂದ ತೆಗೆದ ಬಿಲ್ಲೆಯೂ ಚಲಾವಣೆಯಾಯಿತು. ಒಂದು ದ್ವೀಪದ ತೂತಿನ ಡಾಲರಿಗೆ ಪಕ್ಕದ ದ್ವೀಪದಲ್ಲಿ ಅದೇ ಬೆಲೆ ಸಿಗುತ್ತಿರಲಿಲ್ಲ. ಹಡಗಿನಿಂದ ಹಡಗಿಗೆ ದಾಟುವ ಪ್ರಯಾಣಿಕ ಪ್ರತಿ ಬಂದರಿನಲ್ಲೂ ಸ್ವಲ್ಪ ಕಳೆದುಕೊಳ್ಳಲೇಬೇಕಿತ್ತು.

1838ರಲ್ಲಿ ಬ್ರಿಟಿಷ್ ಸರಕಾರ ಡಾಲರಿಗೆ ನಾಲ್ಕು ಶಿಲಿಂಗ್ ಎರಡು ಪೆನ್ಸ್ ಎಂದು ದರ ನಿಗದಿ ಮಾಡಿತು. ಆಗ ಪೌಂಡಿಗೆ 240 ಪೆನ್ಸ್. ಡಾಲರಿಗೆ 50 ಪೆನ್ಸ್ ಬಿತ್ತು. ಅಂದರೆ ಪೌಂಡಿಗೆ 4.80 ಡಾಲರ್. ಈ ಸಂಖ್ಯೆ ಸುಮಾರು 140 ವರ್ಷ ಬಾಳಿತು. ಅದರ ಮುಂದಿನ ಕಥೆ ಇಂದಿನ ಪ್ರವಾಸಿಯ ಜೇಬಿನವರೆಗೂ ಬರುತ್ತದೆ.

ಪರಿಚಯಸ್ಥರಿಲ್ಲದವರಿಗೆ ಆಸರೆಯಾದದ್ದು ಬಂದರುಗಳ ವಸತಿಗೃಹಗಳು. ಅವುಗಳಲ್ಲಿ ಅನೇಕವನ್ನು ನಡೆಸುತ್ತಿದ್ದವರು ಗುಲಾಮಗಿರಿಯಿಂದ ಬಿಡುಗಡೆ ಪಡೆದ ಮಿಶ್ರವರ್ಣದ ಹೆಂಗಸರು. ಬ್ರಿಜ್‌ಟೌನಿನ ರೇಚಲ್ ಪ್ರಿಂಗಲ್ ಪೋಲ್‌ಗ್ರೀನ್ ಅವರಲ್ಲಿ ಹೆಸರುವಾಸಿ. ಇಂಗ್ಲೆಂಡಿನ ರಾಜಕುಮಾರ ವಿಲಿಯಂ ಹೆನ್ರಿ ಕುಡಿದು ಅವಳ ಹೋಟೆಲಿನ ಪೀಠೋಪಕರಣಗಳನ್ನು ಪುಡಿಮಾಡಿದ; ಅವಳು ತಡೆಯಲಿಲ್ಲ, ಮರುದಿನ 700 ಪೌಂಡಿನ ಬಿಲ್ಲು ಕಳಿಸಿದಳು; ಅವನು ಕೊಟ್ಟ ಎಂಬ ಕಥೆ ದ್ವೀಪದಲ್ಲಿ ಇಂದಿಗೂ ನಡೆದಾಡುತ್ತದೆ. ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ದಾದಿಯಾಗಿ ಹೆಸರಾದ ಮೇರಿ ಸೀಕೋಲ್‌ಳ ತಾಯಿ ನಡೆಸಿದ ಬ್ಲಂಡೆಲ್ ಹಾಲ್ ವಸತಿಗೃಹವೂ ಆಗಿತ್ತು, ಆಸ್ಪತ್ರೆಯೂ ಆಗಿತ್ತು. ಜ್ವರ ಬಂದ ಅಧಿಕಾರಿಗಳು ಅಲ್ಲೇ ಮಲಗುತ್ತಿದ್ದರು. ಕೆರಿಬಿಯನ್ ಪ್ರವಾಸೋದ್ಯಮದ ಚರಿತ್ರೆ ಬರೆಯುವವರು ದೊಡ್ಡ ಹೋಟೆಲ್ ಕಂಪನಿಗಳಿಂದ ಶುರುಮಾಡುವುದು ಸರಿಯಲ್ಲ. ಪರಊರಿನವನ ದಿನಖರ್ಚು ನೇರವಾಗಿ ಸ್ಥಳೀಯ ಹೆಂಗಸಿನ ಗಲ್ಲಾಕ್ಕೆ ಬಿದ್ದ ಕಾಲ ಅದಕ್ಕೂ ಮುಂಚೆ ಇತ್ತು.

1859ರಲ್ಲಿ ಈ ದ್ವೀಪಗಳನ್ನು ಸುತ್ತಿದ ಕಾದಂಬರಿಕಾರ ಆಂಟನಿ ಟ್ರೊಲೋಪ್ ಜಮೈಕಾದ ಊಟದ ಮೇಜಿನ ಬಗ್ಗೆ ಒಂದು ಮಾತು ಬರೆದಿದ್ದಾನೆ. ಆಮೆಯ ಸೂಪು ಅಗ್ಗವಾಗಿ ಸಿಗುವಲ್ಲಿ ಎತ್ತಿನ ಬಾಲದ ಸೂಪು ಬಡಿಸುತ್ತಾರೆ. ಗೆಣಸು, ಬಾಳೆ, ಬೆಣ್ಣೆಹಣ್ಣು ಕೇಳಿದರೆ ಸಿಗುವಲ್ಲಿ ಇಂಗ್ಲೆಂಡಿನ ಕಳಪೆ ಆಲೂಗಡ್ಡೆಗೆ ಹಟ ಹಿಡಿಯುತ್ತಾರೆ ಎಂಬುದು ಅವನ ಆಕ್ಷೇಪ. ಪ್ರವಾಸಿಯ ಊಟದ ಬಿಲ್ಲು ಈ ದ್ವೀಪಗಳಲ್ಲಿ ಯಾಕೆ ಏರುತ್ತದೆ ಎಂಬುದಕ್ಕೆ ಇದಕ್ಕಿಂತ ಚೆನ್ನಾದ ವಿವರಣೆ ಅಪರೂಪ. ತಟ್ಟೆಯಲ್ಲಿರುವುದು ಹಡಗಿನಲ್ಲಿ ಬಂದದ್ದಾದರೆ ಹಡಗಿನ ಬಾಡಿಗೆ, ಸುಂಕ ಎರಡೂ ಬೆಲೆಯಲ್ಲಿ ಸೇರುತ್ತವೆ. ಇಂದಿಗೂ ಹಾಗೆಯೇ.

ದೊಡ್ಡ ಹೋಟೆಲುಗಳು ಬಂದದ್ದು ಉಗಿಹಡಗುಗಳ ಹಿಂದೆ. ನಾಸೌ ನಗರದಲ್ಲಿ ಬಹಾಮಾಸ್ ಸರಕಾರವೇ ಕಟ್ಟಿಸಿದ ರಾಯಲ್ ವಿಕ್ಟೋರಿಯಾ ಹೋಟೆಲ್ 1861ರಲ್ಲಿ ತೆರೆಯಿತು. ಜಮೈಕಾ ಸರಕಾರ 1890ರಲ್ಲಿ ಹೋಟೆಲ್ ಕಾನೂನು ತಂದು, ಹೋಟೆಲ್ ಕಟ್ಟುವ ಕಂಪನಿಗಳ ಸಾಲಕ್ಕೆ ಖಾತ್ರಿ ನಿಂತಿತು, ಸಾಮಗ್ರಿಗೆ ಸುಂಕ ಮಾಫಿ ಮಾಡಿತು. ಮರುವರ್ಷ ಕಿಂಗ್‌ಸ್ಟನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ವಸ್ತುಪ್ರದರ್ಶನಕ್ಕೆ 3 ಲಕ್ಷಕ್ಕೂ ಹೆಚ್ಚು ಭೇಟಿಗಳು ದಾಖಲಾದವು. ಆದರೆ ಬಂದವರಲ್ಲಿ ಬಹುಪಾಲು ದ್ವೀಪದವರೇ. ಹೊರಗಿನವರನ್ನು ನೆಚ್ಚಿ ಕಟ್ಟಿದ ಹೋಟೆಲುಗಳು ನಷ್ಟಕ್ಕೆ ಬಿದ್ದವು. ಹೊರೆ ಖಜಾನೆಯ ಮೇಲೆ ಬಂತು.

ಆ ಹೋಟೆಲುಗಳಿಗೆ ಜೀವ ತುಂಬಿದ್ದು ಬಾಳೆಕಾಯಿ. ಅಮೆರಿಕದ ಹಡಗಿನ ಕಪ್ತಾನ ಲೊರೆಂಜೊ ಡೌ ಬೇಕರ್ 1870ರಲ್ಲಿ ಜಮೈಕಾದಿಂದ 160 ಗೊನೆ ಬಾಳೆ ಒಯ್ದು ಜೆರ್ಸಿ ಸಿಟಿಯಲ್ಲಿ ಮಾರಿದ. 1885ರಲ್ಲಿ ಅವನ ಬಾಸ್ಟನ್ ಫ್ರೂಟ್ ಕಂಪನಿ ಹುಟ್ಟಿತು. 1899ರಲ್ಲಿ ಅದು ಯುನೈಟೆಡ್ ಫ್ರೂಟ್ ಕಂಪನಿಯಲ್ಲಿ ಸೇರಿತು. ಹಣ್ಣು ತುಂಬಿಕೊಳ್ಳಲು ಬರುವ ಹಡಗು ಖಾಲಿ ಬರುವ ಬದಲು ಚಳಿಗಾಲದ ಪ್ರವಾಸಿಗಳನ್ನು ತಂದರಾಯಿತು ಎಂಬುದು ಸರಳ ಲೆಕ್ಕ. ಬೇಕರ್ ಪೋರ್ಟ್ ಆಂಟೋನಿಯೊದಲ್ಲಿ ಟಿಚ್‌ಫೀಲ್ಡ್ ಹೋಟೆಲ್ ಕಟ್ಟಿದ. ಕಿಂಗ್‌ಸ್ಟನ್ನಿನ ಮಿರ್ಟಲ್ ಬ್ಯಾಂಕ್ ಹೋಟೆಲ್ ಕೂಡ ಮುಂದೆ ಯುನೈಟೆಡ್ ಫ್ರೂಟ್ ಕೈಸೇರಿತು. ಟಿಕೆಟ್, ಕೋಣೆ, ಊಟ ಎಲ್ಲವೂ ಒಂದೇ ಕಂಪನಿಯದು. ಕೋಣೆಯ ಬಾಡಿಗೆಯಲ್ಲೇ ಮೂರು ಹೊತ್ತಿನ ಊಟ ಸೇರಿದ್ದರೆ ‘ಅಮೆರಿಕನ್ ಪ್ಲಾನ್’, ಕೋಣೆಗೆ ಮಾತ್ರವಾದರೆ ‘ಯುರೋಪಿಯನ್ ಪ್ಲಾನ್’ ಎಂಬ ವ್ಯವಹಾರದ ಮಾತುಗಳು ಈ ದ್ವೀಪಗಳ ಹೋಟೆಲುಗಳಲ್ಲಿ ರೂಢಿಯಾದವು. ಮೊದಲನೆಯದರಲ್ಲಿ ಪ್ರವಾಸಿಗೆ ಲೆಕ್ಕ ಸುಲಭ. ಬೀದಿಯ ಅಡುಗೆಯವಳಿಗೆ ಗಿರಾಕಿ ಇಲ್ಲ. 1948ರಲ್ಲಿ ಜಮೈಕಾದ ಪತ್ರಕರ್ತ ಇವಾನ್ ಬ್ಲೇಕ್ ಬಿಳಿಯರಿಗಷ್ಟೇ ಎಂಬಂತಿದ್ದ ಮಿರ್ಟಲ್ ಬ್ಯಾಂಕಿನ ಈಜುಕೊಳಕ್ಕೆ ಧುಮುಕಿ ಪ್ರತಿಭಟಿಸಿದ. ಹೋಟೆಲು ಊರೊಳಗಿದ್ದರೂ ಊರಿನದಾಗಿರಲಿಲ್ಲ.

ಹಣ ಒಯ್ಯುವ ಬಗೆಯೂ ಈ ನಡುವೆ ಬದಲಾಯಿತು. 1891ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿ 10, 20, 50, 100 ಡಾಲರುಗಳ ಪ್ರವಾಸಿ ಚೆಕ್ ಹೊರಡಿಸಿತು. ಕೊಳ್ಳುವಾಗ ಒಂದು ಸಹಿ, ಮುರಿಸುವಾಗ ಇನ್ನೊಂದು; ಎರಡೂ ತಾಳೆಯಾದರೆ ಹಣ. ಕಳೆದುಹೋದರೆ ಮರಳಿ ಸಿಗುವ ಹಣ ಜನರಿಗೆ ಹೊಸದು. ಆಮೇಲೆ 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ ಜಾರಿಯಲ್ಲಿದ್ದಾಗ ಹವಾನಾ, ನಾಸೌಗಳಿಗೆ ಜನ ನುಗ್ಗಿದರು. ಕ್ಯೂಬಾದ ಪೆಸೊ ಡಾಲರಿಗೆ ಸಮವಾಗಿದ್ದುದರಿಂದ ಅಲ್ಲಿ ಅಮೆರಿಕನ್ನನಿಗೆ ಲೆಕ್ಕದ ಗೊಡವೆಯೇ ಇರಲಿಲ್ಲ.

ಎರಡನೆಯ ಮಹಾಯುದ್ಧದ ನಂತರ ವಿಮಾನ ಬಂತು. ಪ್ಯಾನ್ ಆಮ್ 1948ರಲ್ಲಿ ನ್ಯೂಯಾರ್ಕ್–ಸಾನ್ ಹುವಾನ್ ನಡುವೆ ಅಗ್ಗದ ದರ್ಜೆ ಶುರುಮಾಡಿತು. ಮರುವರ್ಷ ಪೋರ್ಟೊ ರಿಕೊ ಸರಕಾರದ ಹಣದಲ್ಲಿ ಎದ್ದ ಕರೀಬೆ ಹಿಲ್ಟನ್ ಬಾಗಿಲು ತೆರೆಯಿತು. ಗುಮಾಸ್ತರು, ಶಿಕ್ಷಕರು, ಸಣ್ಣ ವ್ಯಾಪಾರಿಗಳು ಪ್ರವಾಸಿಗಳಾದರು. ಅವರಿಗೆ ತಿಂಗಳ ಲೆಕ್ಕ ಬೇಡ, ದಿನದ ಲೆಕ್ಕ ಬೇಕು. 1957ರಲ್ಲಿ ಆರ್ಥರ್ ಫ್ರಾಮರ್ ಯುರೋಪಿನಲ್ಲಿ ದಿನಕ್ಕೆ 5 ಡಾಲರಿನಲ್ಲಿ ತಿರುಗುವ ಬಗೆ ಹೇಳುವ ಪುಸ್ತಕ ತಂದ ಮೇಲೆ ‘ದಿನಕ್ಕಿಷ್ಟು’ ಎಂಬ ಅಳತೆ ಎಲ್ಲ ಕಡೆಯ ಪ್ರವಾಸಕ್ಕೂ ಹಬ್ಬಿತು. ಕೆಲವೊಮ್ಮೆ ಸರಕಾರವೇ ಅಳತೆ ಹಾಕಿಕೊಟ್ಟಿತು. 1966ರಿಂದ 1970ರ ಆರಂಭದವರೆಗೆ ಬ್ರಿಟನ್ನಿನವರು ಪೌಂಡ್ ವಲಯದ ಆಚೆ ಪ್ರವಾಸಕ್ಕೆ 50 ಪೌಂಡಿಗಿಂತ ಹೆಚ್ಚು ಒಯ್ಯುವಂತಿರಲಿಲ್ಲ. ಜಮೈಕಾ, ಬಾರ್ಬಡೋಸ್, ಬಹಾಮಾಸ್ ಆ ವಲಯದೊಳಗೇ ಇದ್ದುದರಿಂದ ಅಲ್ಲಿಗೆ ಈ ಮಿತಿ ತಾಗುತ್ತಿರಲಿಲ್ಲ.

ದಿನಖರ್ಚನ್ನೇ ಇಲ್ಲವಾಗಿಸುವ ಏರ್ಪಾಡು ಬಂದದ್ದು ಇದರ ಬೆನ್ನಿಗೆ. 1950ರಲ್ಲಿ ಯುರೋಪಿನಲ್ಲಿ ಹುಟ್ಟಿದ ಕ್ಲಬ್ ಮೆಡ್ ತನ್ನ ಶಿಬಿರಗಳಲ್ಲಿ ನೋಟು-ನಾಣ್ಯ ತೆಗೆದುಹಾಕಿ ಬಣ್ಣದ ಪ್ಲಾಸ್ಟಿಕ್ ಮಣಿಗಳನ್ನು ಚಲಾವಣೆಗೆ ತಂದಿತು. ಅತಿಥಿಗಳು ಮಣಿಗಳನ್ನು ಕೊರಳಿಗೋ ಕೈಗೋ ಸರದಂತೆ ಹಾಕಿಕೊಂಡು, ಪಾನೀಯ ಕೊಳ್ಳುವಾಗ ಒಂದೊಂದಾಗಿ ಬಿಡಿಸಿ ಕೊಡುತ್ತಿದ್ದರು. ಈಜುಡುಗೆಯಲ್ಲಿರುವವರಿಗೆ ಜೇಬಿಲ್ಲ ಎಂಬುದು ಅನುಕೂಲದ ಮಾತು. ಹಣ ಕಣ್ಣಿಗೆ ಕಾಣದಿದ್ದರೆ ಖರ್ಚು ಭಾರವೆನಿಸದು ಎಂಬುದು ವ್ಯಾಪಾರದ ಮಾತು. 1960ರ ದಶಕದ ಕೊನೆಯ ಹೊತ್ತಿಗೆ ಕ್ಲಬ್ ಮೆಡ್ ಫ್ರೆಂಚ್ ಕೆರಿಬಿಯನ್ ದ್ವೀಪಗಳಿಗೂ ಬಂತು. 1976ರಲ್ಲಿ ಜಮೈಕಾದ ಜಾನ್ ಇಸ್ಸಾ ನೆಗ್ರಿಲ್ ಬೀಚ್ ವಿಲೇಜ್ ತೆರೆದರು; 1981ರಲ್ಲಿ ಗಾರ್ಡನ್ ‘ಬುಚ್’ ಸ್ಟೂವರ್ಟ್ ಮಾಂಟೆಗೊ ಬೇಯಲ್ಲಿ ಮೊದಲ ಸ್ಯಾಂಡಲ್ಸ್ ಹೋಟೆಲ್ ಆರಂಭಿಸಿದರು. ಊಟ, ಮದ್ಯ, ಆಟ, ಟಿಪ್ಸು ಎಲ್ಲ ಸೇರಿ ಮುಂಗಡವೇ ಒಂದು ಮೊತ್ತ ಎಂಬ ‘ಆಲ್-ಇನ್‌ಕ್ಲೂಸಿವ್’ ಪದ್ಧತಿ ಹೀಗೆ ಬೇರೂರಿತು. ಇದನ್ನು ಬೆಳೆಸಿದವರು ಜಮೈಕಾದವರೇ ಎಂಬುದು ಅವರಿಗೆ ಸಲ್ಲಬೇಕಾದ ಶ್ರೇಯಸ್ಸು. ಆದರೂ ಹೋಟೆಲಿನ ಬೇಲಿಯಾಚೆ ಕೋಳಿ ಸುಡುವವನು, ಟ್ಯಾಕ್ಸಿಯವನು, ಮರದ ಬೊಂಬೆ ಮಾರುವವಳು ಈ ಮೊತ್ತದಲ್ಲಿ ಪಾಲು ಕಾಣಲಿಲ್ಲ. ತೆರಿಗೆ, ಸಂಬಳಗಳ ದಾರಿಯಲ್ಲಿ ಅವರಿಗೆ ಬರುವುದು ಬಳಸಿ ಬರುತ್ತದೆ.

ವಿಹಾರ ಹಡಗುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. 1966ರಲ್ಲಿ ಮಯಾಮಿಯಿಂದ ‘ಸನ್‌ವರ್ಡ್’ ಹಡಗು ವರ್ಷವಿಡೀ ಓಡತೊಡಗಿತು. 1972ರಲ್ಲಿ ಕಾರ್ನಿವಲ್ ಕಂಪನಿ ಹುಟ್ಟಿತು. 1977ರಲ್ಲಿ ನಾರ್ವೀಜಿಯನ್ ಕಂಪನಿ ಬಹಾಮಾಸಿನ ಗ್ರೇಟ್ ಸ್ಟಿರಪ್ ಕೇ ಎಂಬ ಪುಟ್ಟ ದ್ವೀಪವನ್ನೇ ಕೊಂಡಿತು. ದಡಕ್ಕಿಳಿದರೂ ಪ್ರವಾಸಿ ಹಡಗಿನವರ ಅಂಗಳದಲ್ಲೇ ಇರುತ್ತಾನೆ.

ಈಗ ಆ 4.80ರ ಕಥೆ. 1949ರಲ್ಲಿ ಆಡಳಿತ ಒಟ್ಟುಗೂಡಿಸಿದ ಬ್ರಿಟಿಷ್ ವೆಸ್ಟ್ ಇಂಡೀಸ್ ಡಾಲರಿಗೂ, 1965ರಲ್ಲಿ ಅದರ ಜಾಗಕ್ಕೆ ಬಂದ ಪೂರ್ವ ಕೆರಿಬಿಯನ್ ಡಾಲರಿಗೂ ಪೌಂಡಿನೊಂದಿಗೆ ಅದೇ ದರ. 1976ರ ಜುಲೈನಲ್ಲಿ ಪೌಂಡ್ ಕುಸಿಯುತ್ತಿದ್ದಾಗ ಆ ನಂಟು ಕಡಿದು, ಅಮೆರಿಕದ ಡಾಲರಿಗೆ 2.70 ಎಂದು ಕಟ್ಟಿದರು. ಆಂಟಿಗುವಾ, ಗ್ರೆನಡಾ, ಸೇಂಟ್ ಲೂಸಿಯಾ ಸೇರಿ ಎಂಟು ನಾಡುಗಳಲ್ಲಿ ಇಂದಿಗೂ ಅದೇ ದರ. ಬಾರ್ಬಡೋಸಿನಲ್ಲಿ 1975ರಿಂದ ಎರಡಕ್ಕೆ ಒಂದು. ಬಹಾಮಾಸಿನಲ್ಲಿ ಒಂದಕ್ಕೆ ಒಂದು. ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ 1959ರಿಂದ, ಬೊನೇರ್‌ನಲ್ಲಿ 2011ರಿಂದ ಅಮೆರಿಕದ ಡಾಲರೇ ಅಧಿಕೃತ ಹಣ. ಹೀಗೆ ಸ್ಥಿರ ದರವಿರುವೆಡೆ ಪ್ರವಾಸಿ ಮನೆಯಲ್ಲೇ ಕೂತು ಲೆಕ್ಕ ಹಾಕಬಹುದು; ಅಂಗಡಿಯವರು ಡಾಲರು ತೆಗೆದುಕೊಳ್ಳುತ್ತಾರೆ, ಚಿಲ್ಲರೆ ಸ್ಥಳೀಯ ಹಣದಲ್ಲಿ ಬರುತ್ತದೆ. ಕ್ಯೂಬಾದಲ್ಲಿ ಮಾತ್ರ 1994ರಿಂದ 2021ರ ಆರಂಭದವರೆಗೆ ಎರಡು ಪೆಸೊಗಳಿದ್ದವು: ಹೊರಗಿನವರ ಒಂದು ಪೆಸೊ ಊರಿನವರ ಸುಮಾರು 25 ಪೆಸೊಗೆ ಸಮ. ಹವಾನಾದ ಕೊಪೆಲಿಯಾ ಐಸ್‌ಕ್ರೀಮ್ ಅಂಗಡಿಯಲ್ಲಿ ಊರಿನ ಪೆಸೊದವರ ಸಾಲು ಬೀದಿಯುದ್ದ ಹನುಮಂತನ ಬಾಲದಂತೆ ಬೆಳೆದಿದ್ದರೆ, ಪ್ರವಾಸಿಗಳ ಪೆಸೊ ಇದ್ದವರಿಗೆ ಪಕ್ಕದ ಕಟ್ಟೆಯಲ್ಲಿ ಕೂಡಲೇ ಸಿಗುತ್ತಿತ್ತು.

ಇಂದಿನ ಬಜೆಟ್ಟಿನಲ್ಲಿ ಹಳೆಯ ಕಾಲದ ಕೆಲವು ಬಾಬತ್ತುಗಳು ಹಾಗೆಯೇ ಉಳಿದಿವೆ. ಡಿಸೆಂಬರ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ ಕೋಣೆಯ ದರ ಏರಿರುತ್ತದೆ. ಜೂನ್‌ನಿಂದ ನವೆಂಬರ್‌ವರೆಗಿನ ಚಂಡಮಾರುತದ ಕಾಲದಲ್ಲಿ ಇಳಿಯುತ್ತದೆ. ಬಿಲ್ಲಿನ ಮೇಲೆ ಕೋಣೆ ತೆರಿಗೆ, ಸೇವಾಶುಲ್ಕ ಬೇರೆಯಾಗಿ ಬೀಳುತ್ತವೆ. ಅನೇಕ ದ್ವೀಪಗಳಲ್ಲಿ ಒಂದು ಕಾಲಕ್ಕೆ ವಿಮಾನ ನಿಲ್ದಾಣದ ಕಿಟಕಿಯಲ್ಲಿ ನಗದಾಗಿ ಕಟ್ಟುತ್ತಿದ್ದ ನಿರ್ಗಮನ ತೆರಿಗೆ ಈಗ ಟಿಕೆಟ್ಟಿನಲ್ಲೇ ಸೇರಿದೆ. ಬಾರ್ಬಡೋಸಿನಲ್ಲಿ 2019ರಲ್ಲಿ ನಿಗದಿಯಾದ ಬಸ್ಸಿನ ದರ 3.50 ಬಾರ್ಬಡೋಸ್ ಡಾಲರ್, ಅಂದರೆ ಅಮೆರಿಕದ ಪೌಣೇ ಎರಡು ಡಾಲರ್. ದೂರ ಎಷ್ಟಾದರೂ ಅಷ್ಟೇ. ಅದೇ ಬಸ್ಸು ಆಯ್ಸ್‌ಟಿನ್ಸ್ ಎಂಬ ಮೀನುಗಾರರ ಹಳ್ಳಿಗೂ ಹೋಗುತ್ತದೆ. ಶುಕ್ರವಾರ ಸಂಜೆ ಅಲ್ಲಿ ಸಾಲಾಗಿ ಒಲೆ ಹೂಡಿ ಮೀನು ಸುಟ್ಟು ಬಡಿಸುತ್ತಾರೆ. ದಿನದ ಲೆಕ್ಕ ಬರೆಯುವವರು ಬಸ್ಸು, ಸಂತೆ, ಮೀನೂಟದ ಹಣವನ್ನು ಮೊದಲು ತೆಗೆದಿಟ್ಟು, ಉಳಿದುದರಲ್ಲಿ ಕೋಣೆ ಹುಡುಕಲಿ. ದ್ವೀಪದವರ ಕೈಗೆ ಬೇರೆಲ್ಲಕ್ಕಿಂತ ನೇರವಾಗಿ ತಲಪುವ ಹಣ ಅದು.